ಹವ್ಯಾಸಿ ಕಲಾವಿದರೂ ಮನೆಯ ಧ್ವನಿಮುದ್ರಣವೂ

ಹಾಡುವವರೆಲ್ಲರೂ ವಿದ್ವಾಂಸರೇ ಆಗಿರಬೇಕೆಂದಿಲ್ಲ. ಗದ್ದೆಯಲ್ಲಿ ನೇಜಿ ನೆಡುವಾಗಿನ ಪಾಡ್ದನ, ತೊಟ್ಟಿಲ ಬಳಿಯ ಜೋಗುಳ, ಮದುವೆಮನೆಯ ಶೋಭಾನೆ, ಸಂಜೆಯ ಭಜನೆ, ಮಳೆಗಾಲದ ತಾಳಮದ್ದಳೆ, ಇವನ್ನೆಲ್ಲ ನಮ್ಮ ಕಾಸರಗೋಡು ಸೀಮೆಯಲ್ಲಿ ತಲೆತಲಾಂತರದಿಂದ ನಡೆಸಿಕೊಂಡು ಬಂದವರು ಹೆಚ್ಚಾಗಿ ಹವ್ಯಾಸಿಗಳೇ. ಹಗಲಿಡೀ ತೋಟದಲ್ಲೋ ಅಂಗಡಿಯಲ್ಲೋ ಕಚೇರಿಯಲ್ಲೋ ದುಡಿದು, ರಾತ್ರಿ ಚಾವಡಿಯಲ್ಲಿ ಕುಳಿತು ಮದ್ದಳೆಗೆ ಕೈಯಿಕ್ಕುವವರು ಅವರು. ಹಣಕ್ಕಾಗಿ ಅಲ್ಲ, ಹೆಸರಿಗಾಗಿಯೂ ಅಲ್ಲ. ಅದಿಲ್ಲದೆ ಇರಲಾರೆವೆಂಬ ಪ್ರೀತಿಯಿಂದ.

ಆದರೆ ನಾದಕ್ಕೆ ಒಂದು ಕೊರತೆಯಿದೆ. ಚಿತ್ರ ಬರೆದರೆ ಗೋಡೆಯ ಮೇಲೆ ಉಳಿಯುತ್ತದೆ, ಪದ್ಯ ಬರೆದರೆ ಪುಸ್ತಕದಲ್ಲಿ ಉಳಿಯುತ್ತದೆ. ಹಾಡಿದ ಹಾಡು ಮಾತ್ರ ಹಾಡಿದ ಗಳಿಗೆಯಲ್ಲೇ ಗಾಳಿಯಲ್ಲಿ ಕರಗಿಹೋಗುತ್ತದೆ. ಈ ಕೊರತೆಯನ್ನು ನೀಗಿಸಿದ್ದು ಧ್ವನಿಮುದ್ರಣ. ಅದು ದೊಡ್ಡ ಕಂಪೆನಿಗಳ ಕೈಯಿಂದ ಮನೆಮನೆಗೆ ಬಂದದ್ದು ಹೇಗೆ, ಹವ್ಯಾಸಿಗಳನ್ನು ಒಬ್ಬರಿಗೊಬ್ಬರು ಹತ್ತಿರ ತಂದದ್ದು ಹೇಗೆ, ನಾವು ಅದರಿಂದ ಏನು ಸಾಧಿಸಬಹುದು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಧ್ವನಿಯನ್ನು ಹಿಡಿದ ಕಥೆ

1877ರಲ್ಲಿ ಅಮೇರಿಕೆಯ ಥಾಮಸ್ ಆಲ್ವಾ ಎಡಿಸನ್ ಫೋನೋಗ್ರಾಫ್ ಎಂಬ ಯಂತ್ರವನ್ನು ಕಂಡುಹಿಡಿದನು. ಶಬ್ದವೆಂದರೆ ಗಾಳಿಯ ಕಂಪನ. ಆ ಕಂಪನವು ಒಂದು ತೆಳುವಾದ ಪೊರೆಯನ್ನು ಅಲುಗಿಸಿ, ಪೊರೆಗೆ ಸೇರಿದ ಸೂಜಿ ತವರದ ಹಾಳೆಯ ಮೇಲೆ ಗೀರು ಮೂಡಿಸುತ್ತಿತ್ತು. ಅದೇ ಗೀರಿನ ಮೇಲೆ ಸೂಜಿಯನ್ನು ಮರಳಿ ಓಡಿಸಿದರೆ ಪೊರೆ ಹಿಂದಿನಂತೆಯೇ ಕಂಪಿಸಿ ಮಾತು ಕೇಳಿಸುತ್ತಿತ್ತು. ಈ ಯಂತ್ರ ಕೇಳಿಸುವುದರ ಜೊತೆಗೆ ಮುದ್ರಿಸಲೂ ಬಲ್ಲದಾಗಿತ್ತು ಎಂಬುದನ್ನು ನಾವು ಗಮನಿಸಬೇಕು.

ಮುಂದೆ ಎಮಿಲ್ ಬರ್ಲಿನರ್ ಎಂಬವನು ತಟ್ಟೆಯಾಕಾರದ ಗ್ರಾಮಫೋನ್ ರೆಕಾರ್ಡನ್ನು ರೂಪಿಸಿದನು. ಒಂದು ಅಚ್ಚಿನಿಂದ ಸಾವಿರಾರು ತಟ್ಟೆಗಳನ್ನು ಒತ್ತಿ ತೆಗೆಯಬಹುದಾದ್ದರಿಂದ ಅದೇ ಜನಪ್ರಿಯವಾಯಿತು. ಆದರೆ ಮನೆಯ ಗ್ರಾಮಫೋನಿನಲ್ಲಿ ಕೇಳಬಹುದಿತ್ತೇ ಹೊರತು ಮುದ್ರಿಸುವಂತಿರಲಿಲ್ಲ. ಹೀಗೆ ಹಾಡುವವರು ಒಂದು ಕಡೆ, ಕೇಳುವವರು ಇನ್ನೊಂದು ಕಡೆ ಎಂಬ ಭೇದ ಬೆಳೆಯಿತು.

ನಮ್ಮ ದೇಶದಲ್ಲಿ 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡರು. ಆ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಅಷ್ಟರಲ್ಲೇ ಹಿಡಿಸಬೇಕಿತ್ತು. ಹಾಡು ಮುಗಿದೊಡನೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ತಟ್ಟೆಗಳನ್ನು ಒತ್ತುತ್ತಿದ್ದುದು ಜರ್ಮನಿಯಲ್ಲಿ. ಅಲ್ಲಿಯವರಿಗೆ ಹಾಡಿದವರು ಯಾರೆಂದು ತಿಳಿಯಬೇಕಲ್ಲ! ಆ ಕಲಾವಿದೆ ಮೈಸೂರು ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಧ್ವನಿಯ ಜೊತೆಗೆ ಹೆಸರನ್ನೂ ಮುದ್ರಿಸಬೇಕೆಂಬ ಪಾಠ ಇಂದಿಗೂ ನಮಗೆ ಉಪಯುಕ್ತವಾದುದು.

ಕ್ಯಾಸೆಟ್ಟಿನ ಕಾಲ

ಧ್ವನಿಮುದ್ರಣವನ್ನು ಮತ್ತೆ ಮನೆಗೆ ತಂದದ್ದು ಕಾಂತೀಯ ಟೇಪು. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡಿನ ನುಣುಪಾದ ಪುಡಿಯನ್ನು ಹಚ್ಚಿರುತ್ತಾರೆ. ಮೈಕಿನಿಂದ ಬಂದ ವಿದ್ಯುತ್ತಿನ ಏರಿಳಿತಕ್ಕೆ ತಕ್ಕಂತೆ ಆ ಕಣಗಳು ಕಾಂತತ್ವ ಪಡೆದು ಧ್ವನಿಯನ್ನು ನೆನಪಿಟ್ಟುಕೊಳ್ಳುತ್ತವೆ. 1963ರಲ್ಲಿ ಫಿಲಿಪ್ಸ್ ಕಂಪೆನಿ ಅಂಗೈಯಲ್ಲಿ ಹಿಡಿಯುವ ಕ್ಯಾಸೆಟ್ಟನ್ನು ಹೊರತಂದಿತು. ಅದರ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡುತ್ತದೆ. ಲೆಕ್ಕ ಹಾಕಿದರೆ ಅರ್ಧ ಗಂಟೆಯ ಒಂದು ಮಗ್ಗುಲಿಗೆ ಸುಮಾರು 86 ಮೀಟರ್ ಟೇಪು ಬೇಕು!

ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ಊರಿಗೆ ಬರುವಾಗ ಟೇಪ್ ರೆಕಾರ್ಡರುಗಳನ್ನು ತಂದರು. ಕಾಗದದ ಬದಲು ತಮ್ಮ ಮಾತನ್ನೇ ಕ್ಯಾಸೆಟ್ಟಿನಲ್ಲಿ ತುಂಬಿ ಮನೆಗೆ ಕಳುಹಿಸಿದವರೂ ಇದ್ದರು. ರೇಡಿಯೋದ ಎದುರು ಕಾದು ಕುಳಿತು ಮೆಚ್ಚಿನ ಹಾಡನ್ನು ಹಿಡಿದವರು, ಒಬ್ಬರಿಂದೊಬ್ಬರು ಎರವಲು ಪಡೆದು ನಕಲು ತೆಗೆದವರು ಎಷ್ಟೋ ಮಂದಿ. "ನಿಮ್ಮಲ್ಲಿ ಆ ಹಾಡು ಇದೆಯೇ?" ಎಂದು ಕೇಳುತ್ತ ಹೋದವರು ಸ್ನೇಹಿತರಾಗಿ ಮರಳಿದರು. ಒಂದೇ ಹಾಡನ್ನು ಮೆಚ್ಚುವ ಇಬ್ಬರಿಗೆ ಬೇರೆ ಪರಿಚಯ ಬೇಕಿಲ್ಲ.

ತಾಳಮದ್ದಳೆಯನ್ನು ಉಳಿಸಿದವರು

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ತಾಳಮದ್ದಳೆಯ ಕೂಟಗಳು ನಡೆಯುತ್ತವೆ. ಇದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಅರ್ಥ ಹೇಳುತ್ತಾರೆ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನ ರಾಮಾಯಣ ಪ್ರಸಂಗಗಳ ಪದಗಳು ಅಚ್ಚಾಗಿವೆ. ಅರ್ಥದ ಮಾತು ಮಾತ್ರ ಯಾವ ಪುಸ್ತಕದಲ್ಲಿಯೂ ಇಲ್ಲ. ಅದು ಆ ರಾತ್ರಿ, ಎದುರಾಳಿಯ ಮಾತಿಗೆ ತಕ್ಕಂತೆ, ಅಲ್ಲಿಯೇ ಹುಟ್ಟುವಂಥದು. ನಾಳೆ ಅದೇ ಅರ್ಥಧಾರಿ ಅದೇ ಪಾತ್ರಕ್ಕೆ ಬೇರೆಯೇ ಮಾತು ಹೇಳಿಯಾರು.

ನಮ್ಮ ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿ, ರಾವಣರ ಅರ್ಥವನ್ನು ಇಂದಿನ ಮಕ್ಕಳೂ ಕೇಳಲು ಸಾಧ್ಯವಾಗಿದ್ದರೆ ಅದಕ್ಕೆ ಧ್ವನಿಮುದ್ರಣವೇ ಕಾರಣ. ಅಂದಿನ ಅಭಿಮಾನಿಗಳು ವೇದಿಕೆಯ ಬಳಿ ಟೇಪ್ ರೆಕಾರ್ಡರ್ ಇಟ್ಟು ರಾತ್ರಿಯಿಡೀ ಎಚ್ಚರವಾಗಿ ಕುಳಿತರು. ತೊಂಬತ್ತು ನಿಮಿಷದ ಕ್ಯಾಸೆಟ್ಟಾದರೂ ನಲುವತ್ತೈದು ನಿಮಿಷಕ್ಕೊಮ್ಮೆ ಮಗುಚಬೇಕು. ವಾದ ರಂಗೇರಿದಾಗಲೇ ಟೇಪು ಮುಗಿದರೆ ನಾಲ್ಕು ಮಾತು ಕಳೆದುಹೋಗುತ್ತಿತ್ತು. ಇಷ್ಟೆಲ್ಲ ಕಷ್ಟಪಟ್ಟದ್ದು ಲಾಭಕ್ಕಲ್ಲ. ಅಂಥವರ ಕಪಾಟಿನಿಂದ ಹೊರಬಂದ ಕ್ಯಾಸೆಟ್ಟುಗಳು ಇಂದು ಎಳೆಯ ಅರ್ಥಧಾರಿಗಳಿಗೆ ಪಾಠಶಾಲೆಯಾಗಿವೆ.

ಒಬ್ಬನೇ ಹಲವರಾಗುವ ಬಗೆ

ಹಿಂದೆ ಎಲ್ಲರೂ ಒಟ್ಟಿಗೆ ಕುಳಿತು ಒಂದೇ ಬಾರಿಗೆ ಮುದ್ರಿಸಬೇಕಿತ್ತು. ಅಮೇರಿಕೆಯ ಗಿಟಾರ್ ವಾದಕ ಲೆಸ್ ಪಾಲ್ ಎಂಬವನು ತಾನು ನುಡಿಸಿದ್ದನ್ನು ಮುದ್ರಿಸಿ, ಅದನ್ನು ಕೇಳುತ್ತ ಅದರ ಮೇಲೆ ಇನ್ನೊಂದನ್ನು ನುಡಿಸಿ, 1948ರಲ್ಲಿ ಎಂಟು ಗಿಟಾರುಗಳ ಮೇಳವನ್ನು ಒಬ್ಬನೇ ಕೇಳಿಸಿದನು. 1979ರಲ್ಲಿ ಸಾಧಾರಣ ಕ್ಯಾಸೆಟ್ಟಿನ ಮೇಲೆ ನಾಲ್ಕು ಧ್ವನಿಗಳನ್ನು ಬೇರೆಬೇರೆಯಾಗಿ ಮುದ್ರಿಸುವ ಪೋರ್ಟಾಸ್ಟುಡಿಯೋ ಎಂಬ ಯಂತ್ರ ಬಂದಿತು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಎಂಬ ಪ್ರಸಿದ್ಧ ಗಾಯಕರು ಅಂಥ ಯಂತ್ರದಲ್ಲಿ ಮನೆಯಲ್ಲೇ ಮುದ್ರಿಸಿದ ಹಾಡುಗಳು 1982ರಲ್ಲಿ ರೆಕಾರ್ಡಾಗಿ ಹೊರಬಂದವು. ಈಗ ಈ ಕೆಲಸವನ್ನು ಗಣಕಯಂತ್ರ ಮಾಡುತ್ತದೆ. 2000ದಲ್ಲಿ ಬಂದ ಅಡಾಸಿಟಿ ಎಂಬ ತಂತ್ರಾಂಶ ಉಚಿತವಾಗಿಯೇ ದೊರೆಯುತ್ತದೆ.

ಇದರಿಂದ ದೂರದೂರದ ಹವ್ಯಾಸಿಗಳೂ ಕೂಡಿ ನುಡಿಸಬಹುದು. ಫೋನಿನಲ್ಲಿ ನೇರವಾಗಿ ಕೂಡಿ ಹಾಡಲು ಆಗದೇ ಎಂದು ಕೇಳಬಹುದು. ಅಲ್ಲೊಂದು ತೊಡಕಿದೆ. ಅಂತರ್ಜಾಲದ ಕರೆಯಲ್ಲಿ ಧ್ವನಿ ತಲುಪಲು ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾದರೂ ಸಾಕು. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್ ಆದ್ದರಿಂದ, ಮದ್ದಳೆಗಾರನು ಭಾಗವತರಿಂದ 34 ಮೀಟರ್ ದೂರದಲ್ಲಿ ಕುಳಿತು ಬಾರಿಸಿದಂತಾಗುತ್ತದೆ. ತಾಳ ನಿಲ್ಲುವುದು ಹೇಗೆ? ಅಲ್ಲದೆ ಕರೆಯ ಏರ್ಪಾಡು ಎಡೆಬಿಡದ ಶ್ರುತಿಯನ್ನು ಗದ್ದಲವೆಂದು ತಿಳಿದು ಅಳಿಸಿಬಿಡುವುದೂ ಉಂಟು.

ಆದ್ದರಿಂದ ಸರದಿಯ ಕ್ರಮವೇ ಉತ್ತಮ. ಮೊದಲು ಒಬ್ಬರು ಶ್ರುತಿಯನ್ನೂ ತಾಳವನ್ನೂ ಮುದ್ರಿಸಿ ಎಲ್ಲರಿಗೆ ಕಳುಹಿಸಬೇಕು. ಇನ್ನೊಬ್ಬರು ಅದನ್ನು ಕಿವಿಯಲ್ಲಿ ಕೇಳುತ್ತ ಹಾಡಿ, ಹಾಡನ್ನಷ್ಟೇ ಮುದ್ರಿಸಿ ಕಳುಹಿಸಬೇಕು. ಮೂರನೆಯವರು ಮದ್ದಳೆ ಸೇರಿಸಬೇಕು. ಪ್ರತಿಯೊಬ್ಬರೂ ಆರಂಭದ ಎಣಿಕೆಗೆ ಸರಿಯಾಗಿ ಒಮ್ಮೆ ಚಪ್ಪಾಳೆ ತಟ್ಟಿದರೆ ಕೊನೆಗೆ ಜೋಡಿಸುವವರಿಗೆ ಕೆಲಸ ಸುಲಭ. 2020ರಲ್ಲಿ ಕೊರೋನಾದಿಂದ ಎಲ್ಲರೂ ಮನೆಯೊಳಗೆ ಉಳಿದಾಗ ಜಗತ್ತಿನ ನಾನಾ ಕಡೆಯ ಕಲಾವಿದರು ಹೀಗೆಯೇ ಕೂಡಿ ಹಾಡಿದರು.

ಮನೆಯಲ್ಲಿ ಮುದ್ರಿಸುವ ಕ್ರಮ

ಇದಕ್ಕೆ ಬೆಲೆಬಾಳುವ ಉಪಕರಣ ಬೇಕಾಗಿಲ್ಲ. ಮನೆಯಲ್ಲಿರುವ ಮೊಬೈಲ್ ಫೋನು ಸಾಕು. ಆದರೆ ಕೆಲವು ವಿಷಯಗಳನ್ನು ನೆನಪಿಡಬೇಕು.

ಬರಿಗೋಡೆಯ ಕೋಣೆಯಲ್ಲಿ ಧ್ವನಿ ಪ್ರತಿಫಲಿಸಿ ಮಸುಕಾಗುತ್ತದೆ. ಹಾಸಿಗೆ, ಬಟ್ಟೆಬರೆ ಇರುವ ಕೋಣೆ ಒಳ್ಳೆಯದು. ಫ್ಯಾನನ್ನು ನಿಲ್ಲಿಸಬೇಕು, ಫೋನನ್ನು ಕರೆ ಬಾರದಂತೆ ಇಡಬೇಕು. ಹೆಂಚಿನ ಮೇಲೆ ಮಳೆ ಸುರಿಯುವ ಹೊತ್ತನ್ನು ಬಿಟ್ಟು ಮಳೆ ಬಿಟ್ಟ ಹೊತ್ತನ್ನು ಹಿಡಿಯಬೇಕು. ಮೇಜಿನ ಮೇಲೆ ಇಡುವುದಾದರೆ ಅಡಿಯಲ್ಲಿ ಮಡಚಿದ ವಸ್ತ್ರವಿರಲಿ.

ದೂರ ಎರಡು ಪಾಲಾದರೆ ಧ್ವನಿಯ ತೀವ್ರತೆ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಹಾಡುವವರು ಹತ್ತಿರ, ಮದ್ದಳೆ ಸ್ವಲ್ಪ ದೂರ, ಚೆಂಡೆ ಇನ್ನೂ ದೂರ ಇರಬೇಕು. ಎಲ್ಲಕ್ಕಿಂತ ಏರಿದ ಭಾಗವನ್ನು ಮೊದಲು ಒಮ್ಮೆ ಹಾಡಿ ಪರೀಕ್ಷಿಸಬೇಕು. ಮಿತಿ ಮೀರಿ ಒಡೆದ ಧ್ವನಿಯನ್ನು ಆಮೇಲೆ ಚೆನ್ನಾಗಿ ಸರಿಪಡಿಸಲಾಗದು, ಮೆತ್ತಗಿನದನ್ನಾದರೆ ಹೆಚ್ಚಿಸಿಕೊಳ್ಳಬಹುದು.

ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಕೇಳಬಲ್ಲದು. ಅದರ ಎರಡು ಪಾಲಿಗಿಂತ ಹೆಚ್ಚು ಸಲ ಧ್ವನಿಯನ್ನು ಅಳೆಯಬೇಕಾದ್ದರಿಂದ ಸೆಕೆಂಡಿಗೆ 44,100 ಸಲ ಅಳೆಯುವ ಪದ್ಧತಿ ಬಂದಿದೆ. ಹೀಗೆ ಅಳೆದ ಒಂದು ಗಂಟೆಯ ಹಾಡು ವೇವ್ ರೂಪದಲ್ಲಿ, ಒಂದೇ ವಾಹಿನಿಯಾದರೂ, ಸುಮಾರು 318 ಮೆಗಾಬೈಟ್ ಜಾಗ ಬೇಡುತ್ತದೆ. ಕಾಪಿಡಲು ಈ ರೂಪವೇ ಯೋಗ್ಯ. ಸ್ನೇಹಿತರಿಗೆ ಕಳುಹಿಸಲು ಎಂಪಿತ್ರೀ ಎಂಬ ಕಿರಿದುಗೊಳಿಸಿದ ರೂಪ ಸಾಕು.

ಮೊದಲ ಸಲ ತನ್ನ ಧ್ವನಿಯನ್ನು ತಾನೇ ಕೇಳಿದಾಗ ಅನೇಕರಿಗೆ ನಾಚಿಕೆಯಾಗುತ್ತದೆ. ನಾವು ಮಾತಾಡುವಾಗ ನಮ್ಮ ಧ್ವನಿ ಗಾಳಿಯ ಮೂಲಕವಲ್ಲದೆ ತಲೆಯ ಎಲುಬುಗಳ ಮೂಲಕವೂ ಕಿವಿಗೆ ತಲುಪಿ ತುಂಬಿದಂತೆ ಕೇಳಿಸುತ್ತದೆ. ಯಂತ್ರ ಹಿಡಿಯುವುದು ಗಾಳಿಯ ಮೂಲಕ ಬಂದದ್ದನ್ನು ಮಾತ್ರ. ಇತರರು ದಿನವೂ ಕೇಳುವ ಧ್ವನಿ ಅದೇ. ಆದ್ದರಿಂದ ಅಧೈರ್ಯಪಡಬಾರದು, ಶ್ರುತಿ ಎಲ್ಲಿ ಜಾರಿತು, ತಾಳ ಎಲ್ಲಿ ಓಡಿತು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಗುರುವಿಲ್ಲ. ಸ್ನೇಹಿತರ ಹಾಡನ್ನು ಕೇಳಿದಾಗ ಮೊದಲು ಚೆನ್ನಾಗಿರುವುದನ್ನು ಹೇಳಿ, ಬಳಿಕ ತಿದ್ದಬೇಕಾದುದನ್ನು ಹೇಳುವುದು ಸಜ್ಜನಿಕೆ. ಹಾಡಿದವರ ಒಪ್ಪಿಗೆಯಿಲ್ಲದೆ ಮುದ್ರಿಸಬಾರದು, ಹಂಚಲೂ ಬಾರದು.

ನಮ್ಮ ಕರ್ತವ್ಯ

1956ರಲ್ಲಿ ಕೇರಳಕ್ಕೆ ಸೇರಿದ ನಮ್ಮ ನಾಡು ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ನುಡಿಗಳು ಕೂಡಿದ ಸಪ್ತಭಾಷಾ ಸಂಗಮ. ಕನ್ನಡ ಅಕ್ಷರವನ್ನು ಪಠ್ಯಪುಸ್ತಕದಿಂದ ಕಲಿಯಬಹುದು. ನಮ್ಮ ಚಾವಡಿಯ ಕನ್ನಡದ ರಾಗ, ಅಜ್ಜಿಯ ಶೋಭಾನೆಯ ಧಾಟಿ, ನೇಜಿಯ ಗದ್ದೆಯ ಪಾಡ್ದನ ಯಾವ ಪಠ್ಯದಲ್ಲಿಯೂ ಇಲ್ಲ. ನೇಜಿಯ ಗದ್ದೆಗಳೇ ಕಡಿಮೆಯಾದ ಮೇಲೆ ಆ ಹಾಡು ಹೇಳುವವರೂ ಕಡಿಮೆಯಾಗುತ್ತಿದ್ದಾರೆ. ಹಾಡು ಬಲ್ಲ ಒಬ್ಬ ಅಜ್ಜಿ ಕಣ್ಣು ಮುಚ್ಚಿದರೆ ಒಂದು ಪುಸ್ತಕವೇ ಸುಟ್ಟುಹೋದಂತೆ.

ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಬರುವ ರಜೆಯಲ್ಲಿ ನಿಮ್ಮ ಮನೆಯ ಹಿರಿಯರ ಎದುರು ಕುಳಿತುಕೊಳ್ಳಿರಿ. ಮೊದಲು ಅವರ ಹೆಸರು, ಊರು, ದಿನಾಂಕ, ಹಾಡನ್ನು ಯಾರಿಂದ ಕಲಿತರೆಂಬುದು, ಇಷ್ಟನ್ನು ಅವರ ಬಾಯಿಂದಲೇ ಹೇಳಿಸಿರಿ. ಮತ್ತೆ ಹಾಡಿಸಿರಿ. ನಡುವೆ ಮರೆತರೆ ಅವಸರಪಡಿಸಬೇಡಿ. ನೆನಪಿಸಿಕೊಳ್ಳುವ ಮೌನವೂ ಮುದ್ರಣವಾಗಲಿ. ಹೆತ್ತವರಲ್ಲಿ ನಮ್ಮದೊಂದು ವಿನಂತಿಯಿದೆ. ಅಟ್ಟದ ಮೇಲಿನ ಹಳೆಯ ಕ್ಯಾಸೆಟ್ಟುಗಳನ್ನು ಕಸವೆಂದು ಎಸೆಯಬೇಡಿರಿ. ನಮ್ಮ ಮಳೆಗಾಲದ ತೇವಕ್ಕೆ ಟೇಪಿಗೆ ಬೂಸರು ಹಿಡಿಯುತ್ತದೆ, ವರ್ಷ ಕಳೆದಂತೆ ಧ್ವನಿ ಕ್ಷೀಣಿಸುತ್ತದೆ. ಕೆಲಸಮಾಡುವ ಟೇಪ್ ರೆಕಾರ್ಡರ್ ಎಲ್ಲಿಯಾದರೂ ಇದ್ದರೆ ಈಗಲೇ ಅವನ್ನು ಗಣಕಕ್ಕೆ ವರ್ಗಾಯಿಸಿ, ಎರಡು ಬೇರೆ ಕಡೆಗಳಲ್ಲಿ ಪ್ರತಿ ಇಡಿರಿ.

ಒಂದು ತರಗತಿಯ ಮಕ್ಕಳು ತಲಾ ಒಂದು ಹಾಡು ತಂದರೂ ನಮ್ಮ ಶಾಲೆಯಲ್ಲಿ ಒಂದು ಪುಟ್ಟ ನಾದಭಂಡಾರ ಸಿದ್ಧವಾಗುತ್ತದೆ. ಮುಂದೆ ಬರುವ ಮಕ್ಕಳು ಅದನ್ನು ಕೇಳಿ ಹಾಡಲು ಕಲಿತರೆ ನಮ್ಮ ಶ್ರಮ ಸಾರ್ಥಕ.