ಪೂರಕವೋ, ಪರಿಪೂರಕವೋ?

ಎಸ್ಸೆಸ್ಸೆಲ್ಸಿಯಲ್ಲೋ ಪಿಯುಸಿಯಲ್ಲೋ ಫೇಲಾದವರು ಬರೆಯುತ್ತಿದ್ದ ಸಪ್ಲಿಮೆಂಟರಿಗೆ ಕನ್ನಡದಲ್ಲಿ ‘ಪೂರಕ ಪರೀಕ್ಷೆ’ ಎಂದು ಹೆಸರು. ವಿಧಾನಮಂಡಲದಲ್ಲಿ ಮಂಡನೆಯಾಗುವ ಸಪ್ಲಿಮೆಂಟರಿ ಎಸ್ಟಿಮೇಟ್ ‘ಪೂರಕ ಅಂದಾಜು’. ಆದರೆ ಗಣಿತದ ಪುಸ್ತಕ ತೆರೆದರೆ ಸಪ್ಲಿಮೆಂಟರಿ ಕೋನ ‘ಪರಿಪೂರಕ’ವಾಗಿರುತ್ತದೆ, ‘ಪೂರಕ’ ಎಂಬ ಹೆಸರು ಕಾಂಪ್ಲಿಮೆಂಟರಿ ಕೋನದ ಪಾಲಾಗಿರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ, ಸ್ಪರ್ಧಾತ್ಮಕ ಪರೀಕ್ಷೆಗೆಂದು ಇಂಗ್ಲಿಷ್ ಗೈಡು ಹಿಡಿದವರನ್ನು ಎಡವಿಸುವುದು ಲೆಕ್ಕವಲ್ಲ, ಈ ಹೆಸರು. 90ರಿಂದ ಕಳೆಯಬೇಕಾದಲ್ಲಿ 180ರಿಂದ ಕಳೆದರೆ ಬರುವ ತಪ್ಪು ಉತ್ತರವನ್ನೂ ಪ್ರಶ್ನೆ ತೆಗೆಯುವವರು ನಾಲ್ಕು ಆಯ್ಕೆಗಳಲ್ಲಿ ಇಟ್ಟಿರುತ್ತಾರೆ. ನೆಗೆಟಿವ್ ಮಾರ್ಕಿಂಗ್ ಇದ್ದರಂತೂ ಕೇಳುವುದೇ ಬೇಡ.

ಎರಡು ಕೋನ ಸೇರಿ 90 ಡಿಗ್ರಿಯಾದರೆ ಪೂರಕ, 180 ಆದರೆ ಪರಿಪೂರಕ. ಹೆಸರು ಉದ್ದವಾದಷ್ಟೂ ಮೊತ್ತ ದೊಡ್ಡದು ಎಂದು ನೆನಪಿಟ್ಟರೆ ಸಾಕು. ವ್ಯಾಕರಣದವರು ನಕ್ಕರೆ ನಗಲಿ.

ಎರಡು ಸರಳರೇಖೆಗಳು ಒಂದನ್ನೊಂದು ಕತ್ತರಿಸಿದಾಗ ನಾಲ್ಕು ಕೋನ ಹುಟ್ಟುತ್ತವೆ. ಅಕ್ಕಪಕ್ಕದ ಯಾವ ಎರಡನ್ನು ತೆಗೆದುಕೊಂಡರೂ ಒಂದೇ ನೇರ ಗೆರೆಯ ಮೇಲೆ ಕೂತಿರುವುದರಿಂದ ಅವು ಪರಿಪೂರಕ. ಒಂದು 70 ಎಂದು ಗೊತ್ತಾದರೆ ಅದರ ಎಡಕ್ಕೂ 110, ಬಲಕ್ಕೂ 110. ಎದುರಿನದು ಮತ್ತೆ 70. ಎದುರುಬದುರು ಕೋನಗಳು, ಅಂದರೆ ಶೃಂಗಾಭಿಮುಖ ಕೋನಗಳು, ಯಾಕೆ ಸಮ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ: ಎರಡೂ ಅದೇ 110ಕ್ಕೆ ಪರಿಪೂರಕ. ಯೂಕ್ಲಿಡ್ ‘ಎಲಿಮೆಂಟ್ಸ್’ ಮೊದಲ ಪುಸ್ತಕದ 15ನೇ ಪ್ರಮೇಯದಲ್ಲಿ ಸಾಧಿಸಿರುವುದೂ ಇದನ್ನೇ. ಗಮನಿಸಿ, ಎರಡೇ ರೇಖೆ ಇರುವಾಗ ಪೂರಕ ಕೋನ ತಾನಾಗಿ ಬರುವುದಿಲ್ಲ. ಎದುರುಬದುರು ಕೋನಗಳು ಪೂರಕ ಎಂದು ಪ್ರಶ್ನೆಯಲ್ಲಿ ಕೊಟ್ಟರೆ ಆ ರೇಖೆಗಳು 45 ಡಿಗ್ರಿಯಲ್ಲೇ ಕತ್ತರಿಸುತ್ತಿವೆ ಎಂದರ್ಥ.

ಇನ್ನು ಪರೀಕ್ಷೆಯ ಹಳೆಯ ಗಿರಾಕಿ: ‘ಒಂದು ಕೋನದ ಪರಿಪೂರಕವು ಅದರ ಪೂರಕದ ನಾಲ್ಕರಷ್ಟಿದೆ, ಆ ಕೋನ ಯಾವುದು?’ ಎಕ್ಸ್ ಹಿಡಿದು ಸಮೀಕರಣ ಬರೆಯಬಹುದು. ಆದರೆ ಯಾವುದೇ ಲಘುಕೋನದ ಪರಿಪೂರಕ ಅದರ ಪೂರಕಕ್ಕಿಂತ ಸರಿಯಾಗಿ 90 ಹೆಚ್ಚು. ನಾಲ್ಕು ಪಾಲಿಗೂ ಒಂದು ಪಾಲಿಗೂ ವ್ಯತ್ಯಾಸ ಮೂರು ಪಾಲು. ಮೂರು ಪಾಲು 90 ಆದರೆ ಒಂದು ಪಾಲು 30. ಪೂರಕ 30, ಕೋನ 60. ‘ಏಳರಷ್ಟು’ ಎಂದರೆ ಆರು ಪಾಲು 90, ಪೂರಕ 15, ಕೋನ 75. ಪೆನ್ನೇ ಬೇಡ.

ಪರೀಕ್ಷೆ ಮುಗಿದ ಮೇಲೆ ಇದೆಲ್ಲ ಯಾಕೆ ಎನ್ನುವವರು ಬಡಗಿಯೊಬ್ಬರು ಹೊಸ ಮೂಲೆಮಟ್ಟವನ್ನು ಪರೀಕ್ಷಿಸುವುದನ್ನು ನೋಡಬೇಕು. ಅಳೆಯಲು ಕೋನಮಾಪಕ ಬೇಕಿಲ್ಲ. ನೇರ ಅಂಚಿನ ಪ್ಲೈವುಡ್ ಹಲಗೆಗೆ ಮೂಲೆಮಟ್ಟವನ್ನು ಆನಿಸಿ ಪೆನ್ಸಿಲಿನಲ್ಲಿ ಒಂದು ಗೆರೆ. ಅದನ್ನು ಮಗುಚಿ, ಗೆರೆ ಅಂಚಿಗೆ ತಾಗುವ ಅದೇ ಬಿಂದುವಿನಿಂದ ಇನ್ನೊಂದು ಗೆರೆ. ಎರಡೂ ಒಂದರ ಮೇಲೊಂದು ಕೂತರೆ ಮೂಲೆಮಟ್ಟ ಸರಿ. ಅದು 89 ಡಿಗ್ರಿಯದ್ದಾಗಿದ್ದರೆ? ಎರಡು ಬದಿ ಸೇರಿ 178. ನೇರ ಅಂಚಿಗೆ 180 ಬೇಕು. ಉಳಿದ 2 ಡಿಗ್ರಿ ಗೆರೆಗಳ ನಡುವೆ ಸಂದಾಗಿ ಕಾಣುತ್ತದೆ. ಒಂದು ಡಿಗ್ರಿಯ ದೋಷ ಎರಡಾಗಿ ಕಣ್ಣಿಗೆ ಬೀಳುವುದೇ ಇದರ ಸೊಗಸು. ಒಂದು ಡಿಗ್ರಿ ಏನು ಮಹಾ ಎನ್ನಬೇಡಿ: ಆರಡಿ ಉದ್ದದ ಬಾಗಿಲಿನಲ್ಲಿ ಅದು ಒಂದು ಇಂಚಿಗೂ ಮೀರಿದ ಓರೆ. ಐಟಿಐ ಸೇರಿದವರಿಗೆ ಏಳನೇ ತರಗತಿಯ ಈ ಪಾಠ ಇಲ್ಲಿ ಮತ್ತೆ ಎದುರಾಗುತ್ತದೆ. ಗೋಡೆಯ ಮೂಲೆಯಲ್ಲಿ ಎರಡು ಪಟ್ಟಿ ಕೂಡಿಸುವಾಗಲೂ ಅಷ್ಟೇ. ಮೂಲೆ ನಿಜಕ್ಕೂ 90 ಇದ್ದರೆ ಮಾತ್ರ 45 ಮತ್ತು 45. ಅದು 92 ಇದ್ದರೆ ಎರಡನ್ನೂ 46ಕ್ಕೆ ಕತ್ತರಿಸಬೇಕು.

ಪೂರಕ ಕೋನದ ಕಥೆ ಇದಕ್ಕಿಂತ ಹಳೆಯದು. ಕ್ರಿ.ಶ. 499ರ ‘ಆರ್ಯಭಟೀಯ’ದಲ್ಲಿ ಜ್ಯಾ ಬೆಲೆಗಳನ್ನು ಕಟ್ಟಿಕೊಳ್ಳಲು 24 ಸಂಖ್ಯೆಗಳಿವೆ, 90 ಡಿಗ್ರಿಯನ್ನು ಮೂರು ಮುಕ್ಕಾಲು ಡಿಗ್ರಿಯಂತೆ 24 ಭಾಗ ಮಾಡಿದ ಲೆಕ್ಕ. ತ್ರಿಜ್ಯ 3438. 30 ಡಿಗ್ರಿ ಅಂದರೆ 8ನೇ ಬೆಲೆ, 1719. ಅದೇ 30ರ ಕೋಟಿಜ್ಯಾ ಬೇಕೆಂದರೆ ಬೇರೆ ಪಟ್ಟಿ ಬೇಡ, ಪೂರಕ ಕೋನವಾದ 60ರ ಜ್ಯಾ, ಅಂದರೆ 16ನೇ ಬೆಲೆ 2978 ನೋಡಿದರಾಯಿತು. ಪಟ್ಟಿಯನ್ನು ಕೊನೆಯಿಂದ ಹಿಂದಕ್ಕೆ ಓದಿದರೆ ಕೋಟಿಜ್ಯಾ ಸಿದ್ಧ. ಇಂದಿನ ‘ಕೊಸೈನ್’ನ ‘ಕೊ’ ಕೂಡ ಕಾಂಪ್ಲಿಮೆಂಟಿನದೇ. ಪೂರಕ ಕೋನದ ಸೈನ್ ಎಂದಷ್ಟೇ ಅದರ ಅರ್ಥ.

ಹಾಗಾಗಿ ಟ್ಯಾನ್ 1 ಡಿಗ್ರಿಯಿಂದ ಟ್ಯಾನ್ 89 ಡಿಗ್ರಿಯವರೆಗೆ ಎಲ್ಲವನ್ನೂ ಗುಣಿಸಿ ಎಂದು ಕೇಳಿದರೆ ಗಾಬರಿ ಬೇಡ. 1ಕ್ಕೆ 89, 2ಕ್ಕೆ 88 ಹೀಗೆ ಪೂರಕ ಜೋಡಿಗಳನ್ನು ಕಟ್ಟುತ್ತ ಹೋಗಿ, ಪ್ರತಿ ಜೋಡಿಯ ಗುಣಲಬ್ಧ 1. ನಡುವೆ ಒಂಟಿಯಾಗಿ ಉಳಿಯುವುದು ಟ್ಯಾನ್ 45. ಅದೂ 1.