ಕಲ್ಲಿಗೆ ಮೂಡಿದ ಕೈಗಳು

ಯುದ್ಧಸ್ಮಾರಕವೆಂದೊಡನೆ ಕಣ್ಣ ಮುಂದೆ ನಿಲ್ಲುವುದು ಕಲ್ಲು. ಕಲ್ಲು ಆಡುವುದು ಅದನ್ನು ನಿಲ್ಲಿಸಿದವರ ಮಾತನ್ನು. ನಿಲ್ಲಿಸುವ ಶಕ್ತಿಯಿಲ್ಲದವರ ನೆನಪು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡ ಕಲಾವಿದರಲ್ಲಿ ಕ್ರಿಸ್ತೋಫ್ ವೊಡಿಚ್ಕೊ ಒಬ್ಬರು. 1943ರಲ್ಲಿ, ಮಹಾಯುದ್ಧದ ನಡುವೆಯೇ, ಪೋಲೆಂಡಿನ ವಾರ್ಸಾದಲ್ಲಿ ಜನಿಸಿದವರು. ರಾತ್ರಿಯ ವೇಳೆ ಸ್ಮಾರಕಗಳ ಮೇಲೆ ವಿಡಿಯೋ ಚಿತ್ರಗಳನ್ನು ಹಾಯಿಸಿ, ಜೊತೆಗೆ ಚಿತ್ರದಲ್ಲಿರುವವರ ಧ್ವನಿಯನ್ನು ಕೇಳಿಸುವುದು ಅವರ ವಿಧಾನ. ಕಲ್ಲಿಗೆ ಒಂದು ಗೀರೂ ಬೀಳದು. ಯಂತ್ರ ನಿಂತರೆ ಅಲ್ಲೇನೂ ಉಳಿಯದು.

ಅಮೆರಿಕದ ಬಾಸ್ಟನ್ ನಗರದಲ್ಲಿ 1775ರ ಕದನವೊಂದರ ನೆನಪಿಗೆ ನಿಲ್ಲಿಸಿದ ಬಂಕರ್ ಹಿಲ್ ಸ್ತಂಭವಿದೆ. ಎತ್ತರ 221 ಅಡಿ. ಅದರ ಬುಡದ ಚಾರ್ಲ್ಸ್‌ಟೌನ್ ಬಡಾವಣೆಯಲ್ಲಿ ಕೊಲೆಗಳಾದರೆ ಕಂಡವರು ಬಾಯಿ ಬಿಡುತ್ತಿರಲಿಲ್ಲ. 1998ರಲ್ಲಿ, ಮಕ್ಕಳನ್ನು ಕಳೆದುಕೊಂಡ ತಾಯಂದಿರ ಮುಖಗಳು ಆ ಸ್ತಂಭದ ಮೇಲೆ ಮೂಡಿ, ಮನೆಯೊಳಗೂ ಅಂಜಿ ಆಡಬೇಕಾದ ಮಾತನ್ನು ಊರಿಗೆಲ್ಲ ಕೇಳುವಂತೆ ಆಡಿದವು. 2012ರಲ್ಲಿ ನ್ಯೂಯಾರ್ಕಿನ ಲಿಂಕನ್ ಪ್ರತಿಮೆಯ ಮೇಲೆ ಯುದ್ಧದಿಂದ ಮರಳಿದ ಸೈನಿಕರನ್ನು ಮೂಡಿಸಿ ಮಾತನಾಡಿಸಿದರು. ಅದು ನನಗೆ ತುಸು ನಾಟಕೀಯವೆನಿಸುತ್ತದೆ. ಲಿಂಕನ್ನರ ಕೀರ್ತಿಯೇ ಸೈನಿಕನ ಮಾತನ್ನು ಅರ್ಧ ನುಂಗಿಬಿಡುತ್ತದೆ.

ಹಿರೋಷಿಮಾದ ಮಾತು ಬೇರೆ. 1945ರ ಆಗಸ್ಟ್ 6ರಂದು ಅಣುಬಾಂಬು ಸಿಡಿದದ್ದು ಈಗ ಗುಮ್ಮಟದ ಎಲುಬುಗೂಡಾಗಿ ನಿಂತಿರುವ ಕಟ್ಟಡದ ತೀರ ಸಮೀಪದಲ್ಲಿ. ಪಕ್ಕದಲ್ಲೇ ಮೊತೊಯಾಸು ನದಿ. ಸುಟ್ಟ ಮೈಯವರು ನೀರಿಗಾಗಿ ಹಂಬಲಿಸಿ ಇಳಿದ ನದಿ. 1999ರ ಆಗಸ್ಟಿನಲ್ಲಿ ವೊಡಿಚ್ಕೊ ಗುಮ್ಮಟವನ್ನು ಮುಟ್ಟಲಿಲ್ಲ. ಅದರ ಕೆಳಗಿನ ನದೀದಂಡೆಯ ಗೋಡೆಯ ಮೇಲೆ, ಮಾತನಾಡುವವರ ಕೈಗಳನ್ನು ಮಾತ್ರ ತೋರಿಸಿದರು. ಹಾಳುಗಟ್ಟಡವೇ ಒಂದು ದೇಹವಾಗಿ, ಕೈಗಳನ್ನು ತನ್ನ ಮುಂದೆ ಚಾಚಿ ಕುಳಿತಂತೆ. ಕೆಳಗೆ ನೀರಿನಲ್ಲಿ ಅವೇ ಕೈಗಳ ನಡುಗುವ ಪ್ರತಿಬಿಂಬ. ಮುಖವಿಲ್ಲದ್ದರಿಂದ ಹೇಳುವವರಿಗೆ ಸಂಕೋಚ ಕಳೆಯಿತೆಂದು ತೋರುತ್ತದೆ. ಕೈ ಸುಳ್ಳು ಹೇಳುವುದೂ ಕಷ್ಟ.

ಆ ದನಿಗಳಲ್ಲಿ ಕೊರಿಯನ್ನರದೂ ಇತ್ತೆಂಬುದೇ ಇಲ್ಲಿನ ಮುಖ್ಯ ಸಂಗತಿ. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. ದುಡಿಮೆಗೆಂದು ಬಲವಂತದಿಂದ ಕರೆತಂದವರೂ ಸೇರಿ ಸಾವಿರಾರು ಕೊರಿಯನ್ನರು ಹಿರೋಷಿಮಾದಲ್ಲಿ ಸತ್ತರು. ಆಳಿದವರ ಊರಿನಲ್ಲಿ, ಆಳಿದವರೊಡನೆ, ಒಂದೇ ಬೆಂಕಿಯಲ್ಲಿ. ನಗರದ ಶಾಂತಿಸ್ಮಾರಕಗಳು ಜಪಾನನ್ನು ನೊಂದ ನಾಡೆಂದು ನೆನೆಯುತ್ತಿದ್ದುವು; ಅದು ನಿಜವೇ. ಆದರೆ ನೋಯಿಸಿದ ನಾಡಿನ ನೆನಪಿಗೆ ಅಲ್ಲಿ ಜಾಗ ಕಿರಿದಾಗಿತ್ತು. ಇಂಥಲ್ಲಿ ವಿಡಿಯೋದ ಅಸ್ಥಿರತೆಯೇ ಅನುಕೂಲವೆಂದು ನನ್ನ ಭಾವನೆ: ಕಲ್ಲಿನಲ್ಲಿ ಕೆತ್ತಲು ಊರಿನ ಒಪ್ಪಿಗೆ ಬೇಕು, ಬೆಳಕಿಗೆ ಒಂದು ರಾತ್ರಿಯ ಅನುಮತಿ ಸಾಕು.

ಹಾಗೆಂದು ಬೆಳಕು ಕಲ್ಲಿನ ಬದಲಾಗದು. ಕೊರಿಯನ್ ಮೃತರ ಸ್ಮಾರಕವನ್ನು 1970ರಲ್ಲಿ ಕಟ್ಟಿದಾಗ ಅದು ನಿಂತದ್ದು ಶಾಂತಿ ಉದ್ಯಾನದ ಹೊರಗೆ. ಅದನ್ನು ಒಳಕ್ಕೆ ತಂದದ್ದು, ನದೀದಂಡೆಯಲ್ಲಿ ಆ ಕೈಗಳು ಮೂಡಿದ ವರ್ಷವಾದ 1999ರಲ್ಲಿಯೇ.