ತೋಳಿನ ಮೇಲಿನ ಗುರುತು

ನನ್ನ ಎಡತೋಳಿನ ಮೇಲೆ ದುಂಡನೆಯ ಒಂದು ಕಲೆ ಇದೆ. ನನ್ನ ವಯಸ್ಸಿನ ಶ್ರೋತೃಗಳಲ್ಲಿ ಬಹುಮಂದಿಗೆ ಇದು ಇದ್ದೀತು. ಸಿಡುಬು ಬಾರದಿರಲೆಂದು ದಾಕು ಹಾಕಿಸಿಕೊಂಡುದರ ಕುರುಹು. ಮನುಷ್ಯನಂತೆ ಮಾತನಾಡುವ ಯಂತ್ರಕ್ಕೆ ಇಂದು ಜನ ಅಂಜುವುದನ್ನೂ, ಅಂಜಿದವರನ್ನು ತಿಳಿದವರು ಮೂಢರೆಂದು ಜರೆಯುವುದನ್ನೂ ಕೇಳಿದಾಗ ನನಗೆ ಈ ಕಲೆಯ ನೆನಪಾಗುತ್ತದೆ.

ಎಡ್ವರ್ಡ್ ಜೆನ್ನರ್ ಗೋಸಿಡುಬಿನ ಕೀವನ್ನು ಬಾಲಕನೊಬ್ಬನ ತೋಳಿಗೆ ಸೇರಿಸಿದ್ದು 1796ರಲ್ಲಿ. 1802ರ ಹೊತ್ತಿಗೆ ಲಂಡನ್ನಿನ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್‌ರೇ, ದಾಕು ಹಾಕಿಸಿಕೊಂಡವರ ಮೈಮೇಲೆಲ್ಲ ಹಸುಗಳು ಮೊಳೆತಂತೆ ಬರೆದು ನಗಿಸಿದ. ನಗೆಯ ಬೆನ್ನಿಗಿದ್ದುದು ದಿಗಿಲೇ. 1853ರಲ್ಲಿ ಇಂಗ್ಲೆಂಡಿನ ಸರ್ಕಾರ ಕೂಸುಗಳಿಗೆ ದಾಕನ್ನು ಕಡ್ಡಾಯಮಾಡಿ, ತಪ್ಪಿದ ತಂದೆತಾಯಿಗಳಿಗೆ ದಂಡ ವಿಧಿಸಿತು. ದಿಗಿಲು ಇಳಿಯಲಿಲ್ಲ, ಹಟವಾಯಿತು. 1885ರಲ್ಲಿ ಲೆಸ್ಟರ್ ನಗರದಲ್ಲಿ ಸಾವಿರಾರು ಜನ ಮೆರವಣಿಗೆ ಹೊರಟರು.

ಇವರ ಅಂಜಿಕೆ ಪೂರ್ತಿ ಹುಸಿಯಾಗಿರಲಿಲ್ಲ ಎಂಬುದನ್ನು ನಾವು ಮರೆಯುತ್ತೇವೆ. ಆಗ ಒಂದು ಮಗುವಿನ ತೋಳಿನ ಗುಳ್ಳೆಯಿಂದ ರಸ ತೆಗೆದು ಇನ್ನೊಂದು ಮಗುವಿಗೆ ಹಾಕುತ್ತಿದ್ದರು. ಮೊದಲನೆಯದಕ್ಕೆ ಹುಟ್ಟಿನಿಂದಲೇ ಬಂದ ಗುಹ್ಯರೋಗವಿದ್ದರೆ ಎರಡನೆಯದಕ್ಕೂ ಅದು ಅಂಟಬಹುದಾಗಿತ್ತು, ಅಂಟಿದ್ದೂ ಉಂಟು. ನಮ್ಮಲ್ಲಿ ‘ಯಾವ ಜಾತಿಯ ಮಗುವಿನ ರಸವೋ’ ಎಂಬ ಅಳುಕೂ ಸೇರಿತು. ಅದನ್ನು ಮಾತ್ರ ನಾನು ಸಮರ್ಥಿಸಲಾರೆ. 1898ರ ಕಾಯಿದೆ ಇಂಗ್ಲೆಂಡಿನಲ್ಲಿ ತೋಳಿನಿಂದ ತೋಳಿಗೆ ದಾಟಿಸುವ ಪದ್ಧತಿಯನ್ನು ನಿಲ್ಲಿಸಿತು. ಕರುವಿನ ಮೈಯಲ್ಲಿ ಬೆಳೆಸಿದ ಲಸಿಕೆ ಅದರ ಸ್ಥಾನಕ್ಕೆ ಬಂತು. ಮನಸ್ಸಾಕ್ಷಿ ಒಪ್ಪದವರಿಗೆ ವಿನಾಯಿತಿಯನ್ನೂ ಅದೇ ಕಾಯಿದೆ ಕೊಟ್ಟಿತು. ಮದ್ದು ತಿದ್ದಿಕೊಂಡುದರಲ್ಲಿ ಅಂಜಿದವರ ಕೂಗಿಗೂ ಪಾಲುಂಟು.

ದಂಡಕ್ಕೆ ಬಗ್ಗದ ಮನಸ್ಸು ಮೇಲ್ಪಂಕ್ತಿಗೆ ಬಗ್ಗುವುದುಂಟು. ಮೈಸೂರಿನ ಮೂವರು ರಾಜಸ್ತ್ರೀಯರದೆಂದು ಹೇಳುವ, ಥಾಮಸ್ ಹಿಕಿ 1805ರ ಸುಮಾರಿಗೆ ಬರೆದನೆನ್ನುವ ಒಂದು ವರ್ಣಚಿತ್ರವಿದೆ. ಬಲಗಡೆಯ ತರುಣಿ ಎಡತೋಳಿನ ಮೇಲಿನ ಸೆರಗನ್ನು ಸರಿಸಿ ನಿಂತಿದ್ದಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ದಾಕಿನ ಜಾಗವನ್ನು ಎಂದು ಇತಿಹಾಸಕಾರರೊಬ್ಬರ ಊಹೆ. ಊಹೆ ನಿಜವಾದರೆ, ಎಷ್ಟು ಉಪನ್ಯಾಸಗಳು ಆ ಒಂದು ತೋಳಿಗೆ ಸಮ!

ನಮ್ಮ ಮನೆಗೆ ರಾಣಿಯ ಸುದ್ದಿ ಬಂದಿರಲಿಲ್ಲ. ಅರವತ್ತರ ದಶಕದಲ್ಲಿ ಬಂದವನು ಖಾಕಿ ಚೀಲದ ದಾಕಿನವನು. ನಮ್ಮಜ್ಜಿಗೆ ಸಿಡುಬು ರೋಗವಲ್ಲ, ‘ಅಮ್ಮ’. ಬಂದ ತಾಯಿಯನ್ನು ಸೂಜಿಯಿಂದ ಅಟ್ಟುವುದುಂಟೆ? ನನ್ನನ್ನು ಸೆರಗಿನ ಹಿಂದೆ ಅಡಗಿಸಿಕೊಂಡು ಕೇಳಿದಳು: “ನಿನ್ನ ಮಕ್ಕಳಿಗೆ ಹಾಕಿಸಿದ್ದೀಯೇನಪ್ಪ?”

ಆತ ಗದರಲಿಲ್ಲ. ಜಗಲಿಯ ಮೇಲೆ ಕುಳಿತು, ಅಂಗಿಯ ತೋಳು ಮಡಿಸಿ ತನ್ನ ಕಲೆ ತೋರಿಸಿದ. “ಮೂವರಿಗೂ ನಾನೇ ಹಾಕಿದೆ, ತಾಯಿ. ಮೂರು ದಿನ ಜ್ವರ ಬಂದೀತು, ತೋಳು ಊದೀತು, ಹೆದರಬೇಡಿ” ಎಂದ. ಬರುವ ನೋವನ್ನು ಮೊದಲೇ ಹೇಳಿದವನ ಮಾತನ್ನು ಅಜ್ಜಿ ನಂಬಿದಳು.

ಹೇಳಿದಂತೆಯೇ ಜ್ವರ ಬಂತು. ಅಜ್ಜಿ ಹಾಸಿಗೆಯ ಸುತ್ತ ಬೇವಿನೆಲೆ ಹರಡಿ, ಅಮ್ಮನಿಗೆ ಮೊಸರನ್ನದ ಎಡೆ ಇಟ್ಟಳು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಭೂಮಿಯಿಂದಲೇ ಅಳಿಯಿತೆಂದು ಸಾರಿದಾಗ ನಾನು ಆಕೆಗೆ ಪತ್ರಿಕೆ ಓದಿ ಹೇಳಿದೆ. “ಅಮ್ಮ ತೃಪ್ತಳಾಗಿ ಹೋದಳು, ಬಿಡು” ಎಂದಳು.